ಹೂವಿನ ಗುಡ್ಡಕ್ಕೆ ಚಿಗವ್ವನನ್ನು ಕರೆದೊಯ್ದದ್ದು

ಆಷಾಢದ ಗಾಳಿ ಶುರುವಾದರೆ ನಮ್ಮ ಹಿತ್ತಲ ಬಾಗಿಲು ದಿನಕ್ಕೆ ನಲವತ್ತು ಸಲ ಧಡಾರನೆ ಬಡಿದುಕೊಳ್ಳುತ್ತದೆ. ರಾಣೆಬೆನ್ನೂರಿನ ಗಾಳಿ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಒಣಹಾಕಿದ ಧೋತರವನ್ನು ಮೂರನೇ ಮನೆಯ ಮಾಳಿಗೆಯಿಂದ ಬೇಡಿ ತರಬೇಕಾಗುತ್ತದೆ. ಮೊನ್ನೆ ಇದ್ದಕ್ಕಿದ್ದಂತೆ ಬಾಗಿಲಿನ ಸದ್ದು ನಿಂತಿತು. ಹೋಗಿ ಬಗ್ಗಿ ನೋಡಿದರೆ, ನನ್ನ ಹೆಂಡತಿ ಶೋಭಾ ಬಾಗಿಲಿಗೆ ಒತ್ತಾಗಿ ನನ್ನ ಬೂಟು ಇಟ್ಟಿದ್ದಾಳೆ. ಬೆಟ್ಟ ಹತ್ತುವ ಬೂಟು. ನಾನೇ ಹುಬ್ಬಳ್ಳಿಗೆ ಹೋಗಿ, ಅರ್ಧ ದಿನ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಆರಿಸಿ ತಂದದ್ದು.

"ಬ್ಯಾರೆ ಏನೂ ಸಿಗಲಿಲ್ಲೇನು ನಿನಗ?" ಎಂದೆ.

"ಸುಮ್ನ ಬಿದ್ದಿತ್ತು. ಭಾಳ ವಜ್ಜಿ ಐತಿ, ಚಲೋ ತಡೀತೈತಿ," ಎಂದಳು.

ವಜ್ಜಿ ಇದೆಯೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋದ ವರ್ಷ ಇದೇ ದಿನಗಳಲ್ಲಿ ಆ ಎರಡು ಕಲ್ಲುಗುಂಡುಗಳನ್ನು ಕಾಲಿಗೆ ಕಟ್ಟಿಕೊಂಡು ನಾನು ಹಿಮಾಚಲದ ಒಂದು ಬೆಟ್ಟ ಹತ್ತಿದ್ದೆ. ಹತ್ತಿದ್ದೆ ಎಂದರೆ ಪೂರ್ತಿ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂಬುದೇ ನನ್ನ ತಕರಾರು.

ನನ್ನದು ಅರಿವಿ ಅಂಗಡಿ, ಬಟ್ಟೆ ವ್ಯಾಪಾರ. ಮೂವತ್ತು ವರ್ಷ ಗಾದಿಯ ಮೇಲೆ ಕಾಲು ಮಡಿಚಿ ಕೂತವನು. ನಿಲ್ಲಬೇಕಾದರೆ ಮೊಣಕಾಲು ನನ್ನನ್ನು ಎರಡು ಸಲ ಕೇಳುತ್ತದೆ, ಖರೇನಾ ಅಂತ. ಡಾಕ್ಟರು ನಡೆಯಿರಿ ಎಂದರು. ಸಂಜೆ ಒಂದು ಸುತ್ತು ನಡೆದಿದ್ದರೆ ಸಾಕಿತ್ತು. ಆದರೆ ನನ್ನ ಗೆಳೆಯ ಚನ್ನಬಸಪ್ಪ ಬಿಡಬೇಕಲ್ಲ. ಅವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ತನ್ನ ಸರಕಿನ ಹಾಗೆಯೇ ತೆಳ್ಳಗೆ, ಕೆಂಪಗೆ, ಸುಕ್ಕುಸುಕ್ಕಾಗಿ ಇದ್ದಾನೆ. ಅರವತ್ತಾದರೂ ಬೆಳಿಗ್ಗೆ ಎದ್ದು ಓಡುತ್ತಾನೆ. "ಹಿಮಾಲಯದಾಗ ಹೂವಿನ ಹುಲ್ಲುಗಾವಲು ಅದಾವಂತ. ಒಂದ ದಿನದಾಗ ಹತ್ತಿ, ಮ್ಯಾಲಿನ ಕೆರಿ ನೋಡಿ ಇಳೀಬಹುದಂತ. ನಿನ್ನ ಕಡಿಂದ ಆಗೂದಿಲ್ಲ ಬಿಡು," ಎಂದ. ಆ ಕೊನೆಯ ಮಾತು ಹೇಳದಿದ್ದರೆ ನಾನು ಇವತ್ತಿಗೂ ನೆಮ್ಮದಿಯಾಗಿ ಗಾದಿಯ ಮೇಲಿರುತ್ತಿದ್ದೆ.

ಎರಡು ತಿಂಗಳು ತಯಾರಿ ಮಾಡಿದೆ. ಪ್ರತಿ ರವಿವಾರ ಬೂಟು ಹಾಕಿಕೊಂಡು ಊರ ಹತ್ತಿರದ ದೇವರಗುಡ್ಡಕ್ಕೆ ಹೋಗಿ ಮೂರು ಸಲ ಹತ್ತಿ ಇಳಿಯುತ್ತಿದ್ದೆ. ನಾಲ್ಕನೇ ವಾರ ಕಾಯಿ ಮಾರುವ ಹೆಂಗಸು ಕನಿಕರದಿಂದ ಕೇಳಿದಳು: "ಏನ್ ಹರಕಿ ಐತ್ರಿ ಸಾವಕಾರ್ರ? ಅಷ್ಟ ದೊಡ್ಡ ಆಪತ್ತೇನ ಬಂದೈತ್ರಿ?" ಬಂದಿಲ್ಲ, ಬರುವುದಿದೆ ಎಂದು ಆಗ ನನಗೂ ತಿಳಿದಿರಲಿಲ್ಲ.

ನನ್ನ, ಶೋಭಾಳ ಮತ್ತು ಚನ್ನಬಸಪ್ಪನ ಜೊತೆ ಶೋಭಾಳ ತಂಗಿಯೂ ಬರುವವಳಿದ್ದಳು. ಹೊರಡುವ ಒಂದು ವಾರ ಮೊದಲು ಅವಳ ಕಾಲು ಉಳುಕಿತು. ಟಿಕೀಟು ಖಾಲಿ ಉಳಿಯಿತು. "ಚಿಗವ್ವನ್ನ ಕರಕೊಂಡ ಹೋಗೂಣೇನು?" ಎಂದಳು ಶೋಭಾ.

ಚಿಗವ್ವ ನನ್ನ ತಾಯಿಯ ತಂಗಿ. ವಯಸ್ಸು ಎಪ್ಪತ್ತಕ್ಕೆ ಹತ್ತಿರ. ರಾಣೆಬೆನ್ನೂರಿನ ಪಕ್ಕದ ಹಳ್ಳಿಯವಳು. ಆಯುಷ್ಯವೆಲ್ಲ ಬೀಜದ ಪ್ಲಾಟುಗಳಲ್ಲಿ ದುಡಿದಿದ್ದಾಳೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ, ಆದರೂ ದೂರದವರಿಗಾಗಿ ಹೇಳುತ್ತೇನೆ. ಟೊಮ್ಯಾಟೊ, ಬದನೆ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೇಕಾದರೆ ಹೂವನ್ನು ಅದರ ಪಾಡಿಗೆ ಬಿಡುವಂತಿಲ್ಲ. ಮಧ್ಯಾಹ್ನ ಮೊಗ್ಗು ಬಿಡಿಸಿ, ಒಳಗಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದ ಪರಾಗದ ಪುಡಿ ತಂದು ಅದರ ತುದಿಗೆ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಒಂದೊಂದು ಹೂವಿಗೂ ಹೀಗೆ. ಚಿಗವ್ವ ಮೂವತ್ತು ಹೆಣ್ಣಾಳುಗಳ ಮುಂದಾಳು. ಒಂದು ಹೂವು ಬಿಟ್ಟುಹೋದರೆ ಹತ್ತು ಸಾಲು ಆಚೆಯಿಂದಲೇ ಹಿಡಿಯುತ್ತಿದ್ದಳು.

ಸಣ್ಣವನಿದ್ದಾಗ ರಜೆಗೆ ಅವಳ ಮನೆಗೆ ಹೋಗುತ್ತಿದ್ದೆ. ಟೊಮ್ಯಾಟೊ ಗಿಡದ ಹಸಿರು ಅವಳ ಬೆರಳಿಗೆ ಹತ್ತಿ ಹತ್ತಿ ಕಪ್ಪಾಗಿ ಕೂತಿರುತ್ತಿತ್ತು, ತೊಳೆದಷ್ಟೂ ಹೋಗುತ್ತಿರಲಿಲ್ಲ. ಆ ಕೈಯಿಂದ ರೊಟ್ಟಿ ಮುರಿದು ಕೊಟ್ಟರೆ ಮೊದಲ ತುತ್ತು ಕಹಿ. ನಾನು ಮುಖ ಕಿವುಚಿದರೆ "ಹೊಟ್ಟ್ಯಾಗ ಹೋದ ಮ್ಯಾಲೆ ಸಿಹಿ ಆಗ್ತೈತಿ, ತಿನ್ನು" ಎನ್ನುತ್ತಿದ್ದಳು. ಸಿಹಿ ಆಗಿದ್ದು ನನಗೆ ನೆನಪಿಲ್ಲ.

ಆಕೆಗೆ ಬೆಟ್ಟ ಏರುವುದು ಸಾಧ್ಯವೇ ಇಲ್ಲ ಎಂದು ನಾನು ವಾದಿಸಿದೆ. ಅವಳೇ ಬೇಡ ಎನ್ನಲಿ ಎಂದು ಹಳ್ಳಿಗೆ ಹೋಗಿ ಕೇಳಿದೆ.

"ಅಲ್ಲೇನೈತಿ?" ಎಂದಳು.

"ಹೂವು. ಗುಡ್ಡದ ತುಂಬ ಹೂವು."

"ಯಾರು ಹಚ್ಯಾರ?"

"ಯಾರೂ ಹಚ್ಚಿಲ್ಲ. ತಾವ ಆಗ್ತಾವು."

"ಕ್ರಾಸಿಂಗ್ ಯಾರ್ ಮಾಡ್ತಾರ?"

"ಯಾರೂ ಮಾಡೂದಿಲ್ಲವ್ವ!"

"ಹಂಗಾರ ಬರ್ತೀನಿ," ಎಂದಳು.

ಹೀಗೆ ನಾವು ನಾಲ್ಕು ಜನ, ಇನ್ನೊಂದಿಷ್ಟು ಪ್ರವಾಸಿಗರ ಜೊತೆ, ರೈಲು ಬಸ್ಸು ಹತ್ತಿ ಇಳಿದು ಬೆಟ್ಟದ ಬುಡ ಸೇರಿದೆವು. ಚಿಗವ್ವನ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆಂಪು ಮೆಣಸಿನಕಾಯಿ ರಂಜಕ. ಜೂನ್ ಕೊನೆ; ಅಲ್ಲಿಯವರ ಪ್ರಕಾರ ಬೇಸಿಗೆ. ನಮ್ಮ ಸಂಕ್ರಾಂತಿಯಲ್ಲೂ ಅಂಥ ಚಳಿ ನಾನು ಕಂಡಿಲ್ಲ. ನಮಗೆ ದಾರಿ ತೋರಿಸುವವಳು ಕಮಲಾ ಎಂಬ ಅಲ್ಲಿಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ನಿಲ್ಲಿಸಿ ಒಂದೇ ಮಾತು ಹೇಳಿದಳು: ಹನ್ನೆರಡಕ್ಕೆ ಕೆರೆ ಮುಟ್ಟಬೇಕು, ಒಂದಕ್ಕೆ ವಾಪಸು ತಿರುಗಬೇಕು. ಆಮೇಲೆ ಮೋಡ ಬರುತ್ತದೆ. ಮೋಡದಲ್ಲಿ ಯಾರೂ ಒಬ್ಬೊಬ್ಬರೇ ನಡೆಯಬಾರದು.

ಮೊದಲ ಒಂದು ತಾಸು ದೇವದಾರು ಕಾಡಿನ ಏರು. ಸತ್ಯ ಹೇಳಬೇಕು. ಸೀರೆ ಎತ್ತಿ ಕಟ್ಟಿ, ಕ್ಯಾನ್ವಾಸ್ ಬೂಟು ಹಾಕಿದ್ದ ಚಿಗವ್ವ ನನಗಿಂತ ಐವತ್ತು ಹೆಜ್ಜೆ ಮುಂದಿದ್ದಳು. ದೇವರಗುಡ್ಡವನ್ನು ಎಂಟು ರವಿವಾರ ಹತ್ತಿದ ನಾನು ಹಿಮ್ಮಡಿಯ ಬೊಬ್ಬೆ ನೋಡಿಕೊಳ್ಳುತ್ತ ಹಿಂದೆ. ಪರವಾಗಿಲ್ಲ, ಮುದುಕಿ ನಡೆಯುತ್ತಾಳೆ ಎಂದು ಸಮಾಧಾನಪಟ್ಟೆ. ಆ ಸಮಾಧಾನ ಕಾಡು ಮುಗಿಯುವವರೆಗೆ ಮಾತ್ರ.

ಕಾಡು ಮುಗಿದದ್ದೇ ಬಯಲು ತೆರೆಯಿತು. ಹೇಗೆ ಹೇಳಲಿ? ನಮ್ಮ ಹೊಲದಲ್ಲಿ ಗುರೆಳ್ಳು ಹೂಬಿಟ್ಟಾಗ ಒಂದು ಹಳದಿ ಬರುತ್ತದಲ್ಲ, ಅಂಥ ಹಳದಿ ಒಂದು ಕಡೆ ಇಳಿಜಾರಿನುದ್ದಕ್ಕೂ. ಅದರೊಳಗೆ ಅಗಸಿ ಹೂವಿನಂಥ ನೀಲಿ. ಮತ್ತೆ ನಾನು ಹೆಸರು ಹೇಳಲಾಗದ ನೇರಳೆ, ಬಿಳಿ, ಗುಲಾಬಿ. ಅಂಗಡಿಯಲ್ಲಿ ಸಾವಿರ ಥಾನು ಬಟ್ಟೆ ಬಿಚ್ಚಿದ್ದೇನೆ; ಒಂದರ ಪಕ್ಕ ಒಂದು ಇಟ್ಟರೆ ಗಿರಾಕಿ ಓಡಿಹೋಗುವಂಥ ಬಣ್ಣಗಳು ಅಲ್ಲಿ ಜಗಳವಾಡದೆ ಕೂತಿದ್ದವು. ಇವೆಲ್ಲದರ ಮೇಲೆ ದೂರದಲ್ಲಿ ಹಿಮ. ಎಲ್ಲರೂ "ಆಹಾ" ಎಂದರು. ಫೋಟೊ ತೆಗೆದರು. ಮುಂದೆ ನಡೆದರು.

ಚಿಗವ್ವ ಆಹಾ ಎನ್ನಲಿಲ್ಲ. ಮೊದಲ ಹಳದಿ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಉಗುರಿನಿಂದ ಎಸಳು ಸರಿಸಿದಳು. ಕೀಳಲಿಲ್ಲ.

"ಬಾ ಇಲ್ಲೆ. ನೋಡು, ಇದಕ ಗಂಡು ಎಷ್ಟ ಅದಾವು! ಎಣಿಸಾಕ ಆಗೂದಿಲ್ಲ. ನಡುವ ಹೆಣ್ಣು ಹೆಂಗ ಗುಂಪುಗೂಡಿ ಕುಂತಾವ ನೋಡು."

ಸಾಲುಗಳಾಚೆಗೆ ಕೇಳಿಸಲೆಂದೇ ಬೆಳೆದ ದನಿ ಅದು. ನಮ್ಮ ಗುಂಪಿನಲ್ಲಿದ್ದ ಹೊಸದಾಗಿ ಮದುವೆಯಾದ ಜೋಡಿ ತಿರುಗಿ ನೋಡಿ, ಲಗುಬಗೆಯಿಂದ ಮುಂದೆ ಹೋಯಿತು.

"ಚಿಗವ್ವಾ, ಮೆಲ್ಲಕ. ಎದ್ದೇಳು, ಹೊತ್ತಾತು."

ಎದ್ದಳು. ಇಪ್ಪತ್ತು ಹೆಜ್ಜೆ ನಡೆದಳು. ನೀಲಿ ಹೂವಿನ ಮುಂದೆ ಕೂತಳು. "ಇದರಾಗ ಗಂಡು ಐದ. ಇದು ಮುಂಜಾನೆ ಬಿಚ್ಚೈತಿ. ಪುಡಿ ಇನ್ನೂ ಹಸಿ ಐತಿ." ಎದ್ದಳು. ಹದಿನೈದು ಹೆಜ್ಜೆ. ಬಿಳಿ ಹೂವು. ಕಮಲಾ ಹಿಂದೆ ಬಂದು ಏನಾಯಿತು ಎಂದು ಕೇಳಿದಳು. ಚಿಗವ್ವ ತನಗೆ ಗೊತ್ತಿದ್ದ ಸಂತೆಯ ಹಿಂದಿಯಲ್ಲಿ, "ಏ ಬಾಯಿ, ಇಸಕಾ ಬೀಜ ಕಬ್ ಆತಾ?" ಎಂದಳು. ಕಮಲಾ ಅವಳ ಪಕ್ಕ ಕೂತು ಬೆರಳು ಮಡಿಚಿ ತಿಂಗಳು ಎಣಿಸಿ ತೋರಿಸಿದಳು. ಇಬ್ಬರೂ ತಲೆಯಾಡಿಸಿದರು. ನಾನು ಶುದ್ಧ ಹಿಂದಿಯಲ್ಲಿ ಕೆರೆ ಇನ್ನೆಷ್ಟು ದೂರ ಎಂದು ಕೇಳಿದರೆ ಮಾತ್ರ ಅವಳಿಗೆ ಎರಡು ಸಲ ಅರ್ಥವಾಗಲಿಲ್ಲ.

ನಾನು ಉಪಾಯ ಮಾಡಿದೆ. "ಮ್ಯಾಲೆ ಇವಕ್ಕಿಂತ ದೊಡ್ಡ ಹೂವು ಅದಾವಂತ" ಎಂದೆ. "ದೊಡ್ಡ ಹೂವಿನಾಗ ಏನೈತೊ, ಸಣ್ಣಾವ ಜಾಣ ಇರ್ತಾವು" ಎಂದಳು. ಚನ್ನಬಸಪ್ಪ ಮೇಲಿನಿಂದ ಕೈ ಬೀಸುತ್ತಿದ್ದ. ಅವನ ಕೆಂಪು ಟೊಪ್ಪಿಗೆ ಸಣ್ಣದಾಗುತ್ತ ಆಗುತ್ತ ಒಂದು ಮೆಣಸಿನ ಬೀಜದಷ್ಟಾಯಿತು. ಕಮಲಾ ಆ ಗುಂಪಿನ ಜೊತೆ ಹೋಗಬೇಕಿತ್ತು. ಈ ಕಾಲುದಾರಿ ಬಿಟ್ಟು ಕದಲಬೇಡಿ, ಮೆಲ್ಲಗೆ ಬನ್ನಿ, ಬರಲಾಗದಿದ್ದರೆ ಇಲ್ಲೇ ಕೂತಿರಿ ಎಂದು ಹೇಳಿ ಹೋದಳು.

ಹನ್ನೊಂದೂವರೆ. ಕೆರೆಗೆ ಇನ್ನೂ ಒಂದು ಏರು ಉಳಿದಿತ್ತು. ಆಗ ಚಿಗವ್ವ ಕಾಲು ಚಾಚಿ ಪೂರ್ತಿ ಕೂತೇಬಿಟ್ಟಳು. ಅವಳ ಎದುರು ನೇರಳೆ ಹೂವುಗಳ ಒಂದು ಹಾಸು, ಅದರ ಮೇಲೆ ಉಣ್ಣೆ ಹೊದ್ದಂತೆ ಮೈತುಂಬ ತುಪ್ಪಳವಿದ್ದ ದಪ್ಪ ದುಂಬಿಗಳು.

"ನಮ್ಮ ಕೆಲಸಾನ ಮಾಡಾಕತ್ತಾವಲ್ಲೊ ಇವು!" ಎಂದಳು. ಬೀಜದ ಪ್ಲಾಟಿನಲ್ಲಿ ದುಂಬಿ, ಜೇನು ಎಂದರೆ ಕಳ್ಳರಿದ್ದಂತೆ. ಎಲ್ಲಿಯದೋ ಪುಡಿ ತಂದು ಹಚ್ಚಿ ಜಾತಿ ಕೆಡಿಸುತ್ತವೆ. ಅವನ್ನು ಓಡಿಸಿ, ಬಲೆ ಕಟ್ಟಿ ಹೊರಗಿಟ್ಟೇ ಅವಳು ಆಯುಷ್ಯ ಕಳೆದವಳು. ಈಗ ಆ ಕಳ್ಳರ ಮೇಲೆ ಮೇಸ್ತ್ರಿಕಿ ಶುರುಮಾಡಿದಳು. "ನೋಡು, ಈಕಿ ಎಷ್ಟ ಲಗೂ ಮಾಡ್ತಾಳ. ಆಕಿ ಮಾತ್ರ ಮೈಗಳ್ಳಿ. ಏ, ಒಂದು ಬಿಟ್ಟಿ ನೋಡ! ಹಿಂದ ಹೋಗು!" ಶೋಭಾ ನಗುತ್ತ ಅವಳ ಪಕ್ಕ ಕೂತು ರೊಟ್ಟಿಯ ಗಂಟು ಬಿಚ್ಚಿದಳು.

ನನಗೆ ತಡೆಯಲಾಗಲಿಲ್ಲ. ಬೊಬ್ಬೆ ಉರಿಯುತ್ತಿತ್ತು. ಕೆರೆಯ ದಂಡೆಯಲ್ಲಿ ನಿಂತು ಚನ್ನಬಸಪ್ಪ ಏನೇನು ಹೇಳುತ್ತಿದ್ದಾನೋ ಎಂದು ಕಿವಿಯೂ ಉರಿಯುತ್ತಿತ್ತು.

"ಜಲಮ ಪೂರ್ತಿ ಹೂವು ಕೆದರಿದ್ದು ಸಾಲಲಿಲ್ಲೇನು ನಿನಗ?" ಎಂದು ಕೂಗಿದೆ. "ಇಷ್ಟ ದೂರ ಬಂದು ಮತ್ತ ಕೂಲಿ ಮಾಡೂದ ಬಂತಲ್ಲ! ನಿನ್ನ ಕರಕೊಂಡ ಬಂದಿದ್ದ ನನ್ನ ತಪ್ಪು."

ಶೋಭಾಳ ಕೈ ರೊಟ್ಟಿಯ ಮೇಲೆ ನಿಂತಿತು. ಚಿಗವ್ವ ನನ್ನನ್ನು ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು. "ನೀ ಹೋಗು ತಮ್ಮಾ. ನಾ ಇಲ್ಲೇ ಇರ್ತೀನಿ," ಎಂದಳು.

ಹೋದೆ. ಸಿಟ್ಟಿನಲ್ಲಿ ನಡೆದರೆ ಏರು ಗೊತ್ತಾಗುವುದಿಲ್ಲ. ಕಾಲು ತಾಸು ಹಾಗೇ ಏರಿದೆ. ಅಲ್ಲಿ ಕುರಿ ನಡೆದ ಜಾಡುಗಳು ಹತ್ತಾರು. ನಾನು ಹಿಡಿದದ್ದು ಕುರಿಯದೋ ಮನುಷ್ಯರದೋ ನೋಡಲಿಲ್ಲ. ಮೋಡ ಮೇಲಿನಿಂದ ಬರುತ್ತದೆ ಎಂದು ನಾನು ಆಗಾಗ ತಲೆಯೆತ್ತಿ ನೋಡುತ್ತಿದ್ದೆ. ಅದು ಹೊತ್ತಿಗೆ ಮುಂಚೆಯೇ ಕೆಳಗಿನ ಕಣಿವೆಯಿಂದ ಎದ್ದು, ಒಲೆಯ ಹೊಗೆಯಂತೆ ಹುಲ್ಲು ಸವರುತ್ತ ನನ್ನ ಬೆನ್ನ ಹಿಂದೆ ಬಂತು. ಹಿಮ ಹೋಯಿತು. ಹೂವು ಹೋದವು. ಆಮೇಲೆ ನನ್ನ ಬೂಟುಗಳೂ ಹೋದವು.

ಬಂದ ದಾರಿಯಲ್ಲೇ ತಿರುಗಿದೆ ಎಂದುಕೊಂಡೆ. ಹತ್ತು ಹೆಜ್ಜೆ ಇಟ್ಟಿರಬೇಕು. ಕಾಲಡಿಯ ಒಂದು ಕಲ್ಲು ಜಾರಿ ಉರುಳಿತು. ಉರುಳಿದ ಸದ್ದು ಕೇಳಿತು, ಆಮೇಲೆ ಸದ್ದೇ ಇಲ್ಲ, ಎಷ್ಟೋ ಹೊತ್ತಿನ ಮೇಲೆ ಎಲ್ಲೋ ಕೆಳಗೆ ಟಕ್ಕೆಂದಿತು. ಬಗ್ಗಿ ಕೈಯಾಡಿಸಿದರೆ ಒಂದು ಮೊಳದಾಚೆ ಹುಲ್ಲೇ ಇರಲಿಲ್ಲ. ಅಲ್ಲೇ ಕುಸಿದು ಕೂತೆ. ಫೋನಿಗೆ ಸಿಗ್ನಲ್ಲಿಲ್ಲ. ಚನ್ನಬಸಪ್ಪನನ್ನು ಕೂಗಿದೆ, ನನ್ನ ಕೂಗು ಹತ್ತಿಯಲ್ಲಿ ಹೊಕ್ಕಂತೆ ಅಲ್ಲೇ ನಿಂತಿತು. ಮಂಜಿನಲ್ಲಿ ಶೋಭಾ, ಚಿಗವ್ವ ನನ್ನನ್ನು ಹುಡುಕಿಕೊಂಡು ಎದ್ದು ಬಂದರೆ? ಈ ಅಂಚು ಅವರಿಗೆ ಹೇಗೆ ಗೊತ್ತಾಗಬೇಕು? ಕದರಮಂಡಲಗಿಯ ಹಣಮಪ್ಪನಿಗೆ ನೂರೊಂದು ಕಾಯಿ ಬೇಡಿಕೊಂಡೆ. ದೇವರ ಜೊತೆ ಹೀಗೆ ಚೌಕಾಶಿಯಿಲ್ಲದೆ ಮಾತಾಡಿದ್ದು ಅದೇ ಮೊದಲು.

ಆಗ ಕೇಳಿತು.

"ಏ ಸಿಂಬಳ್ಯಾ..."

ನನಗೆ ಐವತ್ತನಾಲ್ಕು. ಊರಲ್ಲಿ ಎಲ್ಲರೂ ಸಾವಕಾರ್ರ ಎನ್ನುತ್ತಾರೆ. ಮೂಗು ಸೋರುತ್ತಿದ್ದ ಕಾಲದಲ್ಲಿ ಚಿಗವ್ವ ಕರೆಯುತ್ತಿದ್ದ ಆ ಹೆಸರು ಸತ್ತು ನಲವತ್ತು ವರ್ಷವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ: ಮೊದಲ ಕೂಗಿಗೆ ನಾನು ಓಗೊಡಲಿಲ್ಲ. ಗುಂಪಿನವರು ಯಾರಾದರೂ ಕೇಳಿಸಿಕೊಂಡಾರು ಎಂದು!

"ಏ ಸಿಂಬಳ್ಯಾ... ಎಲ್ಲಿದ್ದೀಯೊ..."

"ಓ..." ಎಂದೆ.

"ಓಡಿ ಬರಬ್ಯಾಡ. ಕುಂತ ಸರಿ. ಹೆಜ್ಜಿಗೊಮ್ಮೆ ಓ ಅನ್ನು. ನಾ ಹೇಳಿದ ಕಡೆ ಬಾ."

ಕೂತೇ ಸರಿದೆ, ಕೂಸಿನ ಹಾಗೆ. ಓ ಅಂದೆ. "ಎಡಕ ಹೊಂಟೀದಿ, ಬಲಕ ಬಾ." ಓ. "ಹಾಂ, ಹಂಗ. ಈಗ ಕೆಳಗ." ಓ. ಆಳೆತ್ತರದ ಬೆಳೆಯಲ್ಲಿ ಕಾಣದ ಹೆಣ್ಣಾಳುಗಳನ್ನು ದನಿಯಿಂದಲೇ ಸಾಲಿಗೆ ತರುತ್ತಿದ್ದವಳು ಅವಳು. ಇಪ್ಪತ್ತು ನಿಮಿಷವೋ ಒಂದು ತಾಸೋ ತಿಳಿಯದು. ಕೊನೆಗೆ ಹುಲ್ಲು ಹೋಗಿ ಕಾಲುದಾರಿಯ ಮಣ್ಣು ಕೈಗೆ ತಾಗಿತು, ಆಮೇಲೆ ಒಂದು ಕ್ಯಾನ್ವಾಸ್ ಬೂಟು.

ಶೋಭಾ ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ನನ್ನನ್ನು ಹುಡುಕಲು ಹೊರಟಿದ್ದ ಅವಳನ್ನು ಚಿಗವ್ವ ಸೆರಗು ಹಿಡಿದು ಕೂರಿಸಿದ್ದಳಂತೆ. "ನೀನೂ ಹೋದ್ರ ಅಂವಾ ಎಲ್ಲಿಗಿ ಬರಬೇಕು? ಕರಿಯಾವರು ಒಂದ ಕಡೆ ಇರಬೇಕು," ಎಂದಿದ್ದಳಂತೆ. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ರೊಟ್ಟಿಯ ಮೇಲೆ ರಂಜಕ ಹಚ್ಚಿ ನನ್ನ ಕೈಗಿಟ್ಟಳು, ಅಷ್ಟೇ.

ಸ್ವಲ್ಪ ಹೊತ್ತಿಗೆ ಕಮಲಾ ಗುಂಪಿನೊಂದಿಗೆ ಇಳಿದು ಬಂದಳು. ಕೂಗು ಅವರಿಗೂ ಕೇಳಿತ್ತು. ಎಲ್ಲರ ಎದುರು ನನ್ನನ್ನು ಚೆನ್ನಾಗಿ ಬೈದಳು. ಆ ಹಿಂದಿ ಮಾತ್ರ ನನಗೆ ಒಂದೊಂದು ಅಕ್ಷರವೂ ಅರ್ಥವಾಯಿತು. ಮಾತಾಜಿಯಿಂದ ಕಲಿಯಿರಿ ಎಂದಳು. ಚನ್ನಬಸಪ್ಪ ಕೆರೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಫೋಟೊ ತೋರಿಸಿ, ನನ್ನ ಕಿವಿಯ ಹತ್ತಿರ ಬಂದು "ಸಿಂಬಳ್ಯಾ ಅಂದ್ರ ಯಾರಪಾ?" ಎಂದ. ಬ್ಯಾಡಗಿಯ ಪೇಟೆಯಲ್ಲಿ ಈಗ ನನ್ನನ್ನು ಬೇರೆ ಹೆಸರಿನಿಂದ ಕರೆಯುವವರು ಕಡಿಮೆ.

ಇಳಿಯುವಾಗ ಮೋಡ ಬಂದಂತೆಯೇ ಹೋಯಿತು. ಒದ್ದೆ ಹುಲ್ಲಿನ ಮೇಲೆ ಬಿಸಿಲು ಬಿತ್ತು. ಎಲ್ಲರಿಗಿಂತ ಹಿಂದೆ ನಾನು ಮತ್ತು ಚಿಗವ್ವ. ಈಗ ಅವಳು ಯಾವ ಹೂವಿನ ಮುಂದೆಯೂ ನಿಲ್ಲುತ್ತಿರಲಿಲ್ಲ. ತಲೆ ತಗ್ಗಿಸಿ ದಾರಿ ನೋಡಿಕೊಂಡು ನಡೆಯುತ್ತಿದ್ದಳು. ಮುಂಜಾನೆಯಿಂದ ನಾನು ಬೇಡಿದ್ದು ಅದನ್ನೇ. ಸಿಕ್ಕಾಗ ಅದು ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು.

"ಚಿಗವ್ವಾ, ಸಿಟ್ಟಾಗೀಯೇನು?"

"ಇಲ್ಲೊ," ಎಂದಳು. ಸ್ವಲ್ಪ ನಡೆದ ಮೇಲೆ, ತನ್ನಷ್ಟಕ್ಕೆ ಹೇಳಿಕೊಂಡಂತೆ ಮಾತಾಡಿದಳು. "ನೀ ಹೇಳಿದ್ದು ಖರೇನ ಐತಿ. ಜಲಮ ಪೂರ್ತಿ ಅದನ್ನ ಮಾಡೇನಿ. ಆದ್ರ ಒಂದ ಹೂವು ಮುಟ್ಟಿದ್ರ ಕಣ್ಣು ಮುಂದಿನ ಹೂವಿನ ಮ್ಯಾಲೆ ಇರ್ತಿತ್ತು. ನಿಂತ್ರ ಸಾಲು ಹಿಂದ ಬೀಳ್ತಿತ್ತು. ಕೈ ಹಚ್ಚಲಾರದ ಹೂವು ಹೆಂಗಿರ್ತೈತಿ, ಅದರ ಪಾಡಿಗೆ ಅದು ಏನ್ ಮಾಡ್ತೈತಿ ಅಂತ ಕುಂತು ನೋಡೇ ಇದ್ದಿಲ್ಲ."

ಕೆಳಗೆ ಬಸ್ಸಿನವನು ಆಗಲೇ ಹಾರ್ನ್ ಹೊಡೆಯತೊಡಗಿದ್ದ. ದಾರಿಯ ಬದಿಗೆ ಅಂಥದೇ ನೇರಳೆ ಹೂವಿನ ಇನ್ನೊಂದು ಹಾಸು, ಬಿಸಿಲಿಗೆ ದುಂಬಿಗಳು ಮರಳಿ ಬಂದಿದ್ದವು.

"ಕುಂದ್ರು," ಎಂದೆ.

"ಬಸ್ಸು?"

"ಕಾಯ್ತೈತಿ. ಕುಂದ್ರವ್ವ ನೀ."

ನನ್ನ ಮುಖವನ್ನೊಮ್ಮೆ ನೋಡಿ ಕೂತಳು. ಮೊಣಕಾಲಿನ ಅಪ್ಪಣೆ ಕೇಳದೆ ನಾನೂ ಅವಳ ಪಕ್ಕ ಹುಲ್ಲಿನ ಮೇಲೆ ಕೂತು, ಹೂವಿನ ಮೇಲೆ ಬಗ್ಗಿದೆ. ಹಾರ್ನ್ ಇನ್ನೊಮ್ಮೆ ಕೇಳಿತು. ದುಂಬಿಯೊಂದು ಹಿಂಗಾಲಿಗೆಲ್ಲ ಪುಡಿ ಮೆತ್ತಿಕೊಂಡು ಬಂದು ಕೂರುವುದರಲ್ಲಿತ್ತು. ಇಷ್ಟಾದರೂ ಕೊನೆಗೊಂದು ಒಳ್ಳೆಯ ಮಾತು ನನಗೆ ಸಿಕ್ಕೀತು ಎಂದು ಕಾದೆ.

ಚಿಗವ್ವ ಬೇಸರದಿಂದ ನನ್ನ ಹೆಗಲು ತಳ್ಳಿದಳು.

"ಸರಿಯೊ ಆಚಿಗೆ. ಅದರ ಮ್ಯಾಲೆ ನಿನ್ನ ನೆಳ್ಳು ಬೀಳಾಕತ್ತೈತಿ."